ಗ್ಯಾರಂಟಿ ಮೇಸ್ತ್ರಿಯ ಗಿಡ್ಡ ರಾಡು

ಮಾತು ಮಾತಿಗೂ ‘ಗ್ಯಾರಂಟಿ’ ಎನ್ನುತ್ತಿದ್ದುದರಿಂದ ಆ ಎಲೆಕ್ಟ್ರಿಷಿಯನ್ನಿಗೆ ಗ್ಯಾರಂಟಿ ಮೇಸ್ತ್ರಿ ಎಂದೇ ಹೆಸರು ಬಿದ್ದಿತ್ತು. ಜನ ಅದನ್ನು ಒಳಗೊಳಗೇ ನಗುತ್ತ ಹೇಳುತ್ತಿದ್ದರು. ಅವನೋ, ಯಾರೋ ಶಾಲು ಹೊದಿಸಿ ಕೊಟ್ಟ ಬಿರುದು ಎಂಬಂತೆ ಅದನ್ನು ಸ್ಕೂಟರಿನ ಮೇಲೆ ಬರೆಸಿಕೊಂಡಿದ್ದ. ಕೈಯೇನೋ ಚುರುಕು. ಅವನು ಕೂರಿಸಿದ ಸ್ವಿಚ್ ಬೋರ್ಡು ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ಆದರೆ ಆ ಅಚ್ಚುಕಟ್ಟೆಲ್ಲ ಕಣ್ಣಿಗೆ ಕಾಣುವ ಕೆಲಸಕ್ಕೆ ಮಾತ್ರ ಮೀಸಲು. ಮಣ್ಣಿನೊಳಗೆ ಹೋಗುವ ಕೆಲಸವನ್ನು ನೋಡುವವರು ಯಾರು?

ದಿಬ್ಬದ ಮೇಲಿನ ಬಡಾವಣೆಯ ನೆಲ ಬರೀ ಕಲ್ಲು. ಮೇಲೆ ಮೊಣಕಾಲುದ್ದ ಮಣ್ಣು, ಅದರ ಕೆಳಗೆ ಬಂಡೆ. ಮನೆಯಲ್ಲಿ ಕರೆಂಟು ಎಲ್ಲಾದರೂ ಸೋರಿದರೆ ಅದನ್ನು ನೆಲಕ್ಕಿಳಿಸಲು ಅರ್ತಿಂಗ್ ರಾಡು ಬೇಕು, ಅದು ಆಳೆತ್ತರಕ್ಕಿಂತ ಉದ್ದ. ಅಲ್ಲಿ ಎಷ್ಟು ಬಡಿದರೂ ಅದರ ತಲೆ ಚಪ್ಪಟೆಯಾಗುತ್ತಿತ್ತೇ ಹೊರತು ಒಳಗಿಳಿಯುತ್ತಿರಲಿಲ್ಲ. ಹಾಗಾದಾಗ ಜಾಗ ಬದಲಿಸಿ ನೋಡಬೇಕು, ಇಲ್ಲವೇ ಉದ್ದಕ್ಕೆ ಕಾಲುವೆ ತೋಡಿ ರಾಡನ್ನು ಮಲಗಿಸಿ ಇದ್ದಿಲು, ಉಪ್ಪು ತುಂಬಿ ಮುಚ್ಚಬೇಕು. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿತ್ತು. ಆದರೆ ಬೆನ್ನು ಬಗ್ಗಬೇಕಲ್ಲ! ಮನೆಯವರು ಅತ್ತ ತಿರುಗಿದ್ದೇ ತಡ, ಗರಗಸ ತೆಗೆದು ರಾಡಿನ ಮೇಲಿನ ಮುಕ್ಕಾಲು ಭಾಗ ಕೊಯ್ದು ಸ್ಕೂಟರಿಗೆ ಕಟ್ಟಿ, ಉಳಿದ ಮೋಟಿನ ಸುತ್ತ ಸಿಮೆಂಟು ಪೆಟ್ಟಿಗೆ ಕೂರಿಸಿ ಕೈ ತೊಳೆದುಕೊಳ್ಳುತ್ತಿದ್ದ. ಅನುಮಾನ ಪಟ್ಟವರಿಗೆ ಅರ್ತ್ ತಂತಿಗೆ ಬಲ್ಬು ಸಿಕ್ಕಿಸಿ ಉರಿಸಿ ತೋರಿಸುತ್ತಿದ್ದ. ಅದೂ ಮೋಸವೇ. ಅರ್ತ್ ತಂತಿಯನ್ನು ಗುಟ್ಟಾಗಿ ಕರೆಂಟು ವಾಪಸು ಹೋಗುವ ತಂತಿಗೆ, ಅಂದರೆ ನ್ಯೂಟ್ರಲ್‌ಗೆ ಸುತ್ತಿರುತ್ತಿದ್ದ, ಆಟ ಮುಗಿದ ಮೇಲೆ ಬಿಚ್ಚುತ್ತಿದ್ದ. “ನೋಡಿ ಸ್ವಾಮಿ, ಹೆಂಗೆ ಝಗಝಗ ಅಂತಿದೆ! ಗ್ಯಾರಂಟಿ,” ಎನ್ನುವಾಗ ಅವನ ಮುಖ ನೋಡಬೇಕಿತ್ತು. ಬಲ್ಬಿಗಿಂತ ಅದೇ ಹೆಚ್ಚು ಬೆಳಗುತ್ತಿತ್ತು.

ಅವನ ಒಬ್ಬಳೇ ಮಗಳು ಗಂಡ ಮತ್ತು ನಡೆಯಲು ಕಲಿಯುತ್ತಿದ್ದ ಕೂಸಿನ ಜೊತೆ ಅದೇ ಬಡಾವಣೆಗೆ ಬಾಡಿಗೆಗೆ ಬಂದಳು. ಮನೆ ನೋಡಲು ಹೋದ ಮೇಸ್ತ್ರಿ ಗೇಟಿನಲ್ಲೇ ನಿಂತುಬಿಟ್ಟ. ಗೋಡೆ ಬದಿಯ ಆ ಸಿಮೆಂಟು ಪೆಟ್ಟಿಗೆ ತನ್ನದೇ.

“ಮಾವ, ಮೂರು ಮನೆ ನೋಡಿದ್ವಿ. ಇದಕ್ಕೆ ವೈರಿಂಗ್ ಮಾಡಿದ್ದು ನೀವು ಅಂತ ಓನರ್ ಹೇಳಿದ ತಕ್ಷಣ ಕಣ್ಣು ಮುಚ್ಕೊಂಡು ಒಪ್ಕೊಂಡ್ವಿ,” ಎಂದ ಅಳಿಯ.

ಮರ್ಯಾದೆಯಿರುವ ಮನುಷ್ಯನಾಗಿದ್ದರೆ ಅಲ್ಲೇ ಅಂಗಿ ಬಿಚ್ಚಿಟ್ಟು ಹಾರೆ ಹಿಡಿಯುತ್ತಿದ್ದ. ಇವನು “ಒಳ್ಳೇದು ಬಿಡಿ,” ಎಂದು ಹೇಳಿ, ಕಾಫಿ ಕುಡಿದು, ಎರಡನೇ ಲೋಟವನ್ನೂ ಕೇಳಿ ಹಾಕಿಸಿಕೊಂಡು ಮನೆಗೆ ಬಂದ. ರಾತ್ರಿ ನಿದ್ದೆಯೂ ಬಂತು. ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ, ಈಗೇನಾಗುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಗಿಲ್ಲವೆಂದು ಇವನಿಗೆ ಹೇಳಿದವರು ಯಾರು? ಒಂದು ಮನೆಗೂ ತಿರುಗಿ ಹೋಗಿ ನೋಡಿದವನಲ್ಲ.

ಒಂದು ಬೆಳಿಗ್ಗೆ ಮಗಳ ಫೋನು ಬಂತು. “ಅಪ್ಪ, ಬಚ್ಚಲ ನಲ್ಲಿ ಮುಟ್ಟಿ ಪಾಪು ಕಿಟಾರನೆ ಕಿರುಚ್ಕೊಂಡ. ನಾನು ಮುಟ್ಟಿದ್ರೆ ನಂಗೂ ಜುಮ್ ಅಂತು. ಮೇನ್ ಆಫ್ ಮಾಡಿದೀನಿ, ಬೇಗ ಬಾ.”

ಮೇಸ್ತ್ರಿ ಓಡಿದ. ಆ ಓಟದಲ್ಲಿ ಅಪ್ಪನ ಕರುಳೂ ಇತ್ತು, ಸುಳ್ಳು ಹೇಳಬಾರದು. ಆದರೆ ದಾರಿಯುದ್ದಕ್ಕೂ ಅವನ ತಲೆ ಹುಡುಕುತ್ತಿದ್ದುದು ಒಂದು ನೆಪವನ್ನು. ಮನೆ ಮುಟ್ಟುವ ಹೊತ್ತಿಗೆ ಅದು ಸಿಕ್ಕಿತ್ತು.

“ಗೀಸರ್ ಕೆಟ್ಟಿದೆ, ಅಷ್ಟೇ. ಬೇರೆ ಹಾಕಿದ್ರೆ ಗ್ಯಾರಂಟಿ ಸರಿಹೋಗುತ್ತೆ.”

ಮಗಳು ಹೊಸ್ತಿಲ ಕಡೆ ಕೈ ತೋರಿಸಿದಳು. ಅಲ್ಲಿ ಮಣ್ಣು ಮೆತ್ತಿದ ರಾಡಿನ ಮೋಟು ಬಿದ್ದಿತ್ತು.

“ಗೀಸರ್ ಕೆಟ್ರೂ ಅರ್ತ್ ಇದ್ರೆ ಶಾಕ್ ಹೊಡಿಯಲ್ಲ ಅಂತ ಚಿಕ್ಕಂದಿನಿಂದ ಕೇಳಿದೀನಲ್ಲ. ಅದಕ್ಕೇ ಪೆಟ್ಟಿಗೆ ತೆಗೆದು ನೋಡಿದೆ. ಎಳೆದ್ರೆ ರಾಡು ಮೂಲಂಗಿ ಥರ ಕೈಗೇ ಬಂತು, ಅಪ್ಪ.”

“ಅಯ್ಯೋ, ಇದು ನಂದಲ್ಲ. ಆಮೇಲೆ ಯಾವನೋ ಕಳ್ಳ ಬಂದು ಬದಲಾಯಿಸಿದಾನೆ.”

“ನಿನ್ನ ಮನೆ ಹಿತ್ತಲಲ್ಲಿ ಬಟ್ಟೆ ಹಗ್ಗಕ್ಕೆ ಏನು ನೆಟ್ಟಿದೀಯ? ಬಾಗಿಲಿಗೆ ಅಗಳಿ ಯಾವುದು? ಎಲ್ಲ ಇಂಥ ರಾಡುಗಳಿಂದ ಕೊಯ್ದ ತುಂಡುಗಳೇ ಅಲ್ವಾ? ಅಂಗಡಿಯೋರು ಉದ್ದ ಜಾಸ್ತಿ ಕೊಡ್ತಾರೆ ಅಂತಿದ್ದೆ. ನಾನೂ ನಂಬಿದ್ದೆ.”

ಮೇಸ್ತ್ರಿ ಹಾರೆ ಎತ್ತಿಕೊಂಡ. ಆ ದಿನ ಅವನು ದುಡಿದ ಹಾಗೆ ಹಿಂದೆಂದೂ ದುಡಿದಿರಲಿಕ್ಕಿಲ್ಲ. ಮಗಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು, ಒಂದು ಕ್ಷಣವೂ ಅತ್ತಿತ್ತ ಹೋಗದೆ ನೋಡುತ್ತ ನಿಂತಳು. ಗೋಡೆಯುದ್ದಕ್ಕೂ ಕಾಲುವೆ ತೋಡಿದ. ಹಾರೆ ಕಲ್ಲಿಗೆ ಬಡಿದು ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಹೊಸ ರಾಡು ತಂದು ಇಡಿಯಾಗಿ ಮಲಗಿಸಿ, ಇದ್ದಿಲು, ಉಪ್ಪು ತುಂಬಿ, ನೀರು ಹೊಯ್ದು ಮಣ್ಣು ಮುಚ್ಚಿದ. ಗೀಸರಿನ ತಂತಿಯನ್ನೂ ಬಿಚ್ಚಿಟ್ಟ. ಕೆಲಸ ಮುಗಿದಾಗ ಬೆವರು ಒರೆಸಿಕೊಂಡು, ನಾಚಿಕೆಗೆಟ್ಟವನ ಹಾಗೆ ತುಸು ನಕ್ಕ ಕೂಡ.

“ಉಳಿದ ಮನೆಗಳು?” ಎಂದಳು ಮಗಳು. “ಈ ಬೀದಿಯಲ್ಲೇ ಎಷ್ಟಿವೆ? ಅಲ್ಲೂ ಮಕ್ಕಳು ಸ್ನಾನ ಮಾಡ್ತಾವೆ.”

“ಅಯ್ಯೋ ಪುಟ್ಟಿ, ಅವರೇನು ನಮ್ಮೋರಾ?”

ತಾನು ಕೇಳಿಸಿಕೊಂಡದ್ದು ನಿಜವೇ ಎಂಬಂತೆ ಅವಳು ಅಪ್ಪನ ಮುಖವನ್ನೇ ನೋಡಿದಳು. ಅವನು ಅದನ್ನು ಗಮನಿಸದೆ ಚಪ್ಪಲಿ ಬಿಟ್ಟು, ಮೇನ್ ಸ್ವಿಚ್ಚಿನ ಕಡೆ ಹೊರಟ.

“ಅದನ್ನ ಮುಟ್ಟಬೇಡ,” ಎಂದಳು ಮಗಳು. “ಬೇರೆ ಎಲೆಕ್ಟ್ರಿಷಿಯನ್‌ನ ಕರೆಸ್ತೀನಿ. ಅವರು ನೋಡಿ ಸರಿಯಿದೆ ಅಂದ್ಮೇಲೆ ಹಾಕ್ತೀನಿ. ಅಲ್ಲೀವರೆಗೂ ಕತ್ತಲಲ್ಲೇ ಇರ್ತೀವಿ, ನೀನು ಹೊರಡು.”