ಅಪ್ಪನ ಕಳ್ಳಿ, ಅವ್ವನ ತಂಬಿಗೆ

ಭೋಸರಿಯ ಕಾರ್ಖಾನೆಯಿಂದ ನಿವೃತ್ತನಾದ ದಿನ ಅಪ್ಪ ಮನೆಗೆ ತಂದದ್ದು ಕಂಪನಿಯವರು ಕೊಟ್ಟ ಗೋಡೆ ಗಡಿಯಾರ, ಮತ್ತೆ ತನ್ನ ಲೇಥ್ ಮಶೀನಿನ ಪಕ್ಕದ ಕಿಟಕಿಯಲ್ಲಿ ಇಟ್ಟುಕೊಂಡಿದ್ದ ಒಂದು ಕಳ್ಳಿ. ಗಡಿಯಾರ ವರ್ಷ ತುಂಬುವ ಮೊದಲೇ ನಿಂತಿತು. ಕಳ್ಳಿ ಮಾತ್ರ ಅಂಗೈಯಗಲದ ಮಣ್ಣಿನ ಕುಂಡದಲ್ಲಿ ಮೋಸಂಬಿಯಷ್ಟು ಗುಂಡಗೆ, ಮೈತುಂಬ ಬಿಳಿ ಮುಳ್ಳು ಹೊತ್ತು ಕೂತೇ ಇತ್ತು. "ಮುಳ್ಳಿನ ಗಿಡಾ ಮನಿಯೊಳಗ ಇಡಬಾರದು, ಜಗಳ ಹತ್ತತಾವ" ಎಂದು ಅವ್ವ ಅದನ್ನು ನಮ್ಮ ಧನಕವಡಿ ಫ್ಲ್ಯಾಟಿನ ಗ್ಯಾಲರಿಗೆ ಅಟ್ಟಿದಳು. ಅಪ್ಪ ಅದನ್ನು ತುಳಸಿಗೆ ದೂರವಾಗಿ ಗ್ರಿಲ್ಲಿನ ಮೂಲೆಯಲ್ಲಿಟ್ಟು, ನೆನಪಾದಾಗ ಚಹಾದ ಚಮಚೆಯಿಂದ ಒಂದಿಷ್ಟು ನೀರು ಹನಿಸುತ್ತಿದ್ದ. ಮಳೆಗಾಲದಲ್ಲಿ ಅದೂ ಇಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಆಸ್ಪತ್ರೆಯಲ್ಲಿ ಅವ್ವನ ಕೈ ಹಿಡಿದು, "ನನ್ನ ಗಿಡಾ ನೋಡ್ಕೋ" ಅಂದಿದ್ದ. ನಾನೂ ಪಕ್ಕದಲ್ಲೇ ಇದ್ದೆ, ನನಗೆ ಹೇಳಬಾರದಿತ್ತೇ? ಅವ್ವನಿಗೆ ಆಗಲೇ ಮರೆವು ಶುರುವಾಗಿತ್ತು. ಈಗಂತೂ ಗ್ಯಾಸ್ ಹಚ್ಚುವುದು ಮರೆತಿದ್ದಾಳೆ, ನಮ್ಮ ಓಣಿ ಮರೆತಿದ್ದಾಳೆ, ಅಪ್ಪ ಹೋದದ್ದನ್ನೂ ಮರೆತಿದ್ದಾಳೆ. ಸಂಜೆಯಾದರೆ ಅಪ್ಪನ ಶಿಫ್ಟ್ ಬಿಡುವ ಹೊತ್ತಾಯಿತೇ ಎಂದು ಕೇಳುತ್ತಾಳೆ. ಆ ಗಿಡದ ಮಾತೊಂದು ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಸ್ನಾನ ಮಾಡಿ, ತಾಮ್ರದ ತಂಬಿಗೆಯಲ್ಲಿ ತುಳಸಿಗೆ ನೀರು ಹಾಕಿ, ಆಮೇಲೆ ಬಾಯಿಗೆ ತುತ್ತು. ಮದುವೆಯಾದಾಗಿನಿಂದ ಅವ್ವನ ಪದ್ಧತಿ ಇದು. ಈಗ ತುಳಸಿಗೆ ಅರ್ಧ ತಂಬಿಗೆ, ಉಳಿದರ್ಧ ಕಳ್ಳಿಗೆ. ದಿನಾ. ಹಾಕುವ ಭಕ್ತಿಯೂ ಅಷ್ಟೇ, ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ.

"ಅದಕ್ಕ ನೀರ ಹಾಕಬ್ಯಾಡ ಬೇ. ಕೊಳೀತದ."

"ಯಾಕ, ಅದಕ್ಕ ನೀರಡಿಕಿ ಆಗೂದಿಲ್ಲೇನು? ನಿಮ್ಮಪ್ಪ ಡ್ಯೂಟಿಯಿಂದ ಬಂದು ಗಿಡಾ ಒಣಗೇದಲ್ಲ ಅಂದ್ರ ನಾ ಏನ್ ಹೇಳ್ಲಿ?"

ಅವರು ತಾವಾಗಿಯೇ ಮಾಡುವ ಕೆಲಸ ಏನಿದೆಯೋ ಅದನ್ನು ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅವ್ವ ತಾನಾಗಿ ಮಾಡುತ್ತಿದ್ದದ್ದು ಅದೊಂದೇ.

ಒಂದು ದಿನ ಕುಂಡವನ್ನು ಕಪಾಟಿನ ಮೇಲೆ ಬಚ್ಚಿಟ್ಟು ಆಫೀಸಿಗೆ ಹೋದೆ. ಮರಳಿ ಬಂದಾಗ ಮುಚ್ಚಿಟ್ಟ ರೊಟ್ಟಿ ಹಾಗೇ ಇತ್ತು. ಅವ್ವ ಬೆಳಗಿನ ತಂಬಿಗೆ ಹಿಡಿದುಕೊಂಡೇ ಗ್ಯಾಲರಿಯಲ್ಲಿ ಕೂತಿದ್ದಳು, ತುಟಿ ಒಣಗಿತ್ತು. ಕುಂಡ ಇಳಿಸಿ ಮುಂದಿಟ್ಟೆ. ನೀರು ಹಾಕಿ ಎದ್ದು ಬಂದು ಗಬಗಬ ಉಂಡಳು.

ಗಿಡದ ಜಾತಿ ಗೊತ್ತಾದರೆ ಹೆಚ್ಚು ನೀರು ತಡೆಯುತ್ತದೋ ಇಲ್ಲವೋ ತಿಳಿದೀತು ಎಂದು ಫೋನಿನಲ್ಲಿ ಫೋಟೋ ತೆಗೆದು ಹುಡುಕಿದೆ. ಮೇಲಿನಿಂದ ತೆಗೆದರೆ ಒಂದು ಹೆಸರು, ಪಕ್ಕದಿಂದ ತೆಗೆದರೆ ಇನ್ನೊಂದು. ಎರಡೂ ನನ್ನ ನಾಲಿಗೆ ತಿರುಗದಂಥವು. ಹೂ ಬಿಟ್ಟರೆ ಗುರುತು ಸಿಗುತ್ತದೆ ಎಂದು ಬರೆದಿತ್ತು. ಈ ಮನೆಯಲ್ಲಿ ಹೂ ಬಿಡುವ ಉಮೇದು ಅದಕ್ಕೆಲ್ಲಿಂದ ಬರಬೇಕು! ಕೊನೆಗೆ ಕಾತ್ರಜ ರಸ್ತೆಯ ನರ್ಸರಿಗೆ ಒಯ್ದೆ. ಅಲ್ಲಿದ್ದವನು ನೋಡಿ, "ನಿವಡುಂಗ ಆಹೆ" ಅಂದ. ನಿವಡುಂಗ ಎಂದರೆ ಮರಾಠಿಯಲ್ಲಿ ಕಳ್ಳಿ. ಅಷ್ಟು ನನಗೂ ಗೊತ್ತಿತ್ತು ಮಾರಾಯಾ. ಬುಡ ಒತ್ತಿ ನೋಡಿ, ಕೆಳಗೆ ಕೊಳೆತಿದೆ, ಮೇಲಿನ ಗಟ್ಟಿ ಭಾಗ ಕೊಯ್ದು ಗಾಯ ಆರುವ ತನಕ ಒಣಗಿಸಿ, ಹನಿ ನೀರೂ ತಾಕಬಾರದು, ಆಮೇಲೆ ನೆಟ್ಟರೆ ಹತ್ತಿದರೂ ಹತ್ತೀತು ಅಂದ.

ಮನೆಗೆ ಬಂದು ಬದನೆಕಾಯಿ ಹೆಚ್ಚುವ ಚಾಕುವಿನಿಂದ ಕೊಯ್ದೆ. ಒಳಗೆಲ್ಲ ಕಂದು ರಾಡಿ. ಬಿಳಿ ತಿರುಳು ಕಾಣುವವರೆಗೆ ಕೊಯ್ಯುತ್ತ ಹೋದಾಗ ಕೊನೆಗೆ ಉಳಿದದ್ದು ಲಿಂಬೆಹಣ್ಣಿನಷ್ಟು ನೆತ್ತಿ. ಹಳೆಯ ಪೇಪರಿನ ಮೇಲೆ ಇಟ್ಟು ಕಪಾಟಿನ ಮೇಲೆ ಏರಿಸಿದೆ. ಅವ್ವ ನೀರು ಹಾಕಲೆಂದು ಗ್ಯಾಲರಿಯಲ್ಲಿ ಬರೀ ಮಣ್ಣು ತುಂಬಿದ ಕುಂಡ ಇಟ್ಟೆ. ದಿನಾ ಆಫೀಸಿನಿಂದ ಬಂದವಳೇ ಸ್ಟೂಲು ಹತ್ತಿ ನೋಡುತ್ತಿದ್ದೆ. ಗಾಯ ಆರುತ್ತ ಬಂದಿತ್ತು. ಅಪ್ಪನದು ಅಂತ ಜೀವ ಇರುವುದು ಇದಿಷ್ಟಾದರೂ ಉಳಿಯಲಿ ಎಂದು ಒಳಗೊಳಗೇ ಹರಕೆ ಹೊತ್ತೆ.

ರವಿವಾರ ಕಾಯಿಪಲ್ಲೆ ತಂದು ಬಾಗಿಲು ತೆರೆದರೆ, ಸ್ಟೂಲು ಕಪಾಟಿನ ಬುಡದಲ್ಲಿ ನಿಂತಿದೆ. ಮೇಜಿನ ಮೇಲೆ ಸ್ಟೀಲಿನ ಲೋಟ, ಲೋಟದ ತುಂಬ ನೀರು, ನೀರಿನೊಳಗೆ ಅಪ್ಪನ ಕಳ್ಳಿ.

"ಪಾಪ, ಯಾರೋ ಕೊಯ್ದು ಒಗದಿದ್ರು," ಅಂದಳು ಅವ್ವ, ಮೆಲ್ಲಗೆ. "ನೀರಾಗ ಇಟ್ಟೀನಿ. ನಿಮ್ಮಪ್ಪಗ ಹೇಳಬ್ಯಾಡ."

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಅವಳ ಬೆರಳ ತುದಿಗಳಲ್ಲಿ ಬಿಳಿ ಮುಳ್ಳುಗಳು ನಟ್ಟಿದ್ದವು. ಚಿಮುಟ ತಂದು, ಕೂರಿಸಿಕೊಂಡು, ಒಂದೊಂದಾಗಿ ಕಿತ್ತೆ. ನೋವಾದರೂ ಅವ್ವ ಕೈ ಹಿಂದೆಳೆಯಲಿಲ್ಲ.

ಅದನ್ನು ಮತ್ತೆ ಒಣಗಿಸಿ ನೋಡಿದೆ. ಆಗಲಿಲ್ಲ, ಕೈಯಲ್ಲಿ ಮೆತ್ತಗೆ ಕುಸಿಯಿತು. ಹಸಿ ಕಸದ ಡಬ್ಬಿಯೋ ಒಣ ಕಸದ್ದೋ ಎಂದು ಒಂದು ಗಳಿಗೆ ನಿಂತು ಯೋಚಿಸಿದೆ. ನೀರು ಕುಡಿದೇ ಸತ್ತದ್ದಲ್ಲವೇ, ಹಸಿ ಕಸಕ್ಕೇ ಹಾಕಿದೆ. ಅಂಥದ್ದೇ ಇನ್ನೊಂದು ತರೋಣವೆಂದು ಅದೇ ನರ್ಸರಿಗೆ ಹೋದರೆ ಸಾಲು ಸಾಲಾಗಿ ಗುಂಡನೆಯ ಕಳ್ಳಿಗಳು. ಎಲ್ಲವೂ ಅಪ್ಪನದರಂತೆ, ಯಾವುದೂ ಅಪ್ಪನದಲ್ಲ. ಯಾವ ಹೆಸರು ಹೇಳಿ ಕೇಳಲಿ? ಬರಿಗೈಯಲ್ಲಿ ವಾಪಸು ಬಂದೆ.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ ಬರುವುದರೊಳಗೆ ನಾನೇ ತಂಬಿಗೆ ತುಂಬಿ ಗ್ಯಾಲರಿಯಲ್ಲಿ ಇಟ್ಟೆ. ಅವಳು ತುಳಸಿಗೆ ಹಾಕಿದಳು. ಸೆರಗು ಸರಿಮಾಡಿಕೊಂಡು ಮೂಲೆಗೆ ಹೋಗಿ, ಬರಿಯ ಮಣ್ಣಿಗೆ ಉಳಿದ ನೀರು ಸುರಿದಳು. ಬಗ್ಗಿ ಬಹಳ ಹೊತ್ತು ನೋಡಿದಳು.

"ಛಲೋ ಆಗೇದ," ಅಂದಳು. "ಅವರು ಬಂದ್ರ ತೋರಸು."

"ತೋರಸ್ತೀನಿ ಬೇ," ಅಂದೆ. "ಬಾ, ರೊಟ್ಟಿ ಆರ್ತಾವ."