ನಿದ್ದೆಗಾಗಿ ರೋಣಕ್ಕೆ ಹೋದ ಗುರುವಾರಗಳು

ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅದರ ಹಿಂದೆಯೇ ನಿದ್ದೆಯೂ ಹೋಯಿತು. ಗಜೇಂದ್ರಗಡದಲ್ಲಿ ಆಗಿನ್ನೂ ಒಂದೆರಡು ಮನೆಗಳಿಗಷ್ಟೇ ಮೊಬೈಲ್ ಬಂದಿದ್ದ ದಿನಗಳು. ನಮ್ಮದು ಸೀರೆ ನೇಯುವ ಮನೆ. ಮಲಗಿದ ಸ್ವಲ್ಪ ಹೊತ್ತಿಗೇ ಎದೆಯಿಂದ ಕಾವು ಏರಿ ಕುಪ್ಪಸ ತೊಯ್ದುಹೋಗುತ್ತಿತ್ತು, ಆಮೇಲೆ ಚಳಿ. ತುಂಬಿದ ಮನೆಯಲ್ಲಿ ಎಲ್ಲರ ಉಸಿರು ಕೇಳುತ್ತ ನಾನೊಬ್ಬಳೇ ಎಚ್ಚರವಾಗಿರುತ್ತಿದ್ದೆ.

ಒಂದು ದಿನ ಸೀರೆಯ ಅಂಚಿನಲ್ಲಿ ಗೇಣುದ್ದ ಎಳೆ ತಪ್ಪಿತು. ಮೂವತ್ತು ವರ್ಷದಲ್ಲಿ ನನ್ನ ಕೈ ಹಾಗೆ ತಪ್ಪಿದ್ದಿಲ್ಲ. ನಮ್ಮನೆಯವರು ಏನೂ ಅನ್ನದೆ ಅದನ್ನು ಬಿಚ್ಚಲು ಕೂತರು. ಬೈದಿದ್ದರೆ ಚೆನ್ನಾಗಿತ್ತು. ನಿದ್ದೆ ಬಾರದ್ದನ್ನು ನೆಗೆಣ್ಣಿಯ ಹತ್ತಿರ ಹೇಳಿಕೊಂಡೆ.

“ವಯಸ್ಸಾತಲ್ಲಕ್ಕಾ, ಎಲ್ಲಾರಿಗೂ ಹಿಂಗ ಆಕ್ಕೈತಿ,” ಎಂದು ಆಕೆ ರೊಟ್ಟಿ ಬಡಿಯತೊಡಗಿದಳು.

ಊರಿನ ಡಾಕ್ಟರು ಗುಳಿಗೆ ಕೊಟ್ಟರು. ನುಂಗಿದರೆ ನಿದ್ದೆ ಬರುತ್ತಿತ್ತು, ಆದರೆ ಮರುದಿನ ಮಧ್ಯಾಹ್ನದವರೆಗೂ ತಲೆಯೊಳಗೆ ಅರಳೆ ತುಂಬಿದಂತಿರುತ್ತಿತ್ತು. “ಇದನ್ನ ದಿನಾ ತಗೊಳ್ಳೂದು ಚಲೋ ಅಲ್ಲರಿ,” ಎಂದರು. “ರೋಣದ ದವಾಖಾನಿಗೆ ಗುರುವಾರಕ್ಕೊಮ್ಮೆ ಒಬ್ಬರು ಮೇಡಂ ಬರ್ತಾರ. ಬರೇ ಮಾತಾಡೇ ನಿದ್ದಿ ಸುಧಾರಸ್ತಾರ.”

ಮಾತಿನಿಂದ ನಿದ್ದೆ ಬರುತ್ತದೆಂದು ನಾನು ನಂಬಲಿಲ್ಲ. ಆದರೂ ಮೊಣಕಾಲು ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದೆ.

ಆ ಮೇಡಂಗೆ ನನ್ನ ಮಗಳ ವಯಸ್ಸು. ಬಾಗಿಲು ಮುಂದಕ್ಕೆಳೆದು, ಎದುರಿಗೆ ಕೂತು, “ನಿದ್ದಿ ಬರದಾಗ ಏನೇನ ವಿಚಾರ ಬರ್ತಾವ್ರಿ ನಿಮಗ?” ಎಂದು ಕೇಳಿದರು.

ಅದನ್ನು ನನಗೆ ಯಾರೂ ಕೇಳಿರಲಿಲ್ಲ. “ನಾಳೆ ಮತ್ತ ಅಂಚು ತಪ್ಪತೈತಿ ಅಂತ ಅನಸ್ತೈತ್ರಿ. ಹಿಂಗ ನಿದ್ದಿಗೆಟ್ಟು ಸತ್ತೇ ಹೋಗ್ತೀನೇನೋ ಅಂತ.”

“ನಿದ್ದಿಗೆಟ್ಟಾಗೆಲ್ಲಾ ಅಂಚು ತಪ್ಪೈತೇನ್ರಿ?”

ನೆನಪು ಮಾಡಿಕೊಂಡೆ. ತಪ್ಪಿದ್ದು ಒಂದೇ ಸಲ.

ರಾತ್ರಿ ಹನ್ನೊಂದರೊಳಗೆ ಹಾಸಿಗೆಗೆ ಹೋಗಬಾರದು, ಬೆಳಗ್ಗೆ ಐದಕ್ಕೆ ಏಳಲೇಬೇಕು, ಹಗಲು ಮಲಗಬಾರದು ಎಂದರು. ಹೊರಳಾಡುವಂತಾದರೆ ಎದ್ದು ಬೇರೆ ಕಡೆ ಕೂರಬೇಕು, ಕಣ್ಣು ಎಳೆಯತೊಡಗಿದಾಗಲೇ ಮರಳಿ ಬರಬೇಕು. ಎಷ್ಟು ನಿದ್ದೆ ಬಂತೆಂದು ದಿನಾ ವಹಿಯಲ್ಲಿ ಬರೆಯಬೇಕು. ಮೊದಲ ಎರಡು ವಾರ ಹೆಣದಂತಾಗಿದ್ದೆ. ಪಡಸಾಲೆಯಲ್ಲಿ ಕೂತಿದ್ದಾಗ ಒಮ್ಮೆ ನಮ್ಮನೆಯವರಿಗೆ ಎಚ್ಚರವಾಯಿತು.

“ಯಾಕ ಕುಂತಿ?”

“ಸೆಕಿ ಆಗೈತ್ರಿ.”

“ಹೂಂ,” ಎಂದು ಮಗ್ಗಲು ಬದಲಿಸಿದರು.

ಗುರುವಾರ ಗುರುವಾರ ರೋಣಕ್ಕೆ ಹೋದೆ. ನಿದ್ದೆಯ ಮಾತು ಮುಗಿದ ಮೇಲೆ ಬೇರೆ ಮಾತುಗಳೂ ಬರುತ್ತಿದ್ದವು. ತೀರಿಹೋದ ಅವ್ವ, ನಾನು ಅರ್ಧಕ್ಕೇ ಬಿಟ್ಟ ಸಾಲಿ, ಮೈಯಲ್ಲಾಗುವ ಬದಲಾವಣೆಯ ನಾಚಿಕೆ. ಅವರು ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಮೈಯ ಕಾವು ಪೂರ್ತಿ ಹೋಗದಿದ್ದರೂ ಐದಾರು ತಾಸು ನಿದ್ದೆ ಬರತೊಡಗಿತು.

“ಆರಾಮ ಆಗೀರಿ. ಇನ್ನ ಬರೂದು ಬೇಕಾಗಿಲ್ಲ,” ಎಂದರು ಒಂದು ದಿನ.

“ಇನ್ನೂ ನಿದ್ದಿ ಬರವಲ್ದರಿ,” ಎಂದೆ.

ವಹಿ ಅವರ ಕೈಯಲ್ಲೇ ತೆರೆದಿತ್ತು, ಐದು ತಾಸು, ಆರು ತಾಸು ಎಂದು ನನ್ನದೇ ಅಕ್ಷರದಲ್ಲಿ. ಅವರು ಅದನ್ನು ಮೆಲ್ಲಗೆ ಮುಚ್ಚಿದರು. “ಮನ್ಯಾಗ ಮಾತಾಡಾಕ ಯಾರೂ ಇಲ್ಲೇನ್ರಿ?”

“ಏಳ ಮಂದಿ ಅದಾರ್ರಿ.”

ಅವರು ಬಾಗಿಲ ಕಡೆ ನೋಡಿದರು. ಹೊರಗೆ ನನ್ನ ಓರಗೆಯ ಇನ್ನೊಬ್ಬ ಹೆಂಗಸು ಕಾಯುತ್ತಿದ್ದಳು. “ಒಂದ ತಿಂಗಳ ಬಿಟ್ಟು ಒಮ್ಮೆ ಬಂದ ಹೋಗ್ರಿ,” ಎಂದರು.

ತಿಂಗಳು ಬಿಟ್ಟು ಹೋದೆ. ಅವರು ಮದುವೆಯಾಗಿ ದೂರದ ಊರಿಗೆ ಹೋಗಿದ್ದರು. ಆ ಖೋಲಿಯಲ್ಲಿ ಹಲ್ಲಿನ ಡಾಕ್ಟರು ಕೂತಿದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದಾಕೆ, “ಯಾವೂರಿಗೆ ಹೊಂಟೀರ್ರಿ?” ಎಂದು ಕೇಳಿದಳು. ಊರ ಹೆಸರಷ್ಟೇ ಹೇಳಿ ಕಿಟಕಿಯತ್ತ ತಿರುಗಿದೆ.