ಪಟ್ಟೆ ಫ್ರಾಕಿಗೆ ಮೂರು ಗುಂಡಿ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕಡ್ಡಿಯಕ್ಕ ಅನ್ನುತ್ತಾರೆ. ತುರುಬಿನಲ್ಲಿ ಸದಾ ಒಂದು ಕ್ರೋಶಾ ಕಡ್ಡಿ ಸಿಕ್ಕಿಸಿಕೊಂಡಿರುತ್ತಾಳೆ, ಅದಕ್ಕೆ. ಮಾತೂ ಕಡ್ಡಿ ಮುರಿದ ಹಾಗೆಯೇ ಇರುತ್ತಿತ್ತು, ಹಾಗಾಗಿ ಹೆಸರು ಒಪ್ಪುತ್ತಿತ್ತು ಅನ್ನಿ. ಆದರೆ ಅದು ಮೂರು ವರ್ಷದ ಹಿಂದಿನ ಕಥೆ. ಈಗ ಅವಳು ಬಾಯಿ ಬಿಡುವುದೇ ಅಪರೂಪ. ಒಗೆದು ಬಂದ ಬಟ್ಟೆಗಳಲ್ಲಿ ಗುಂಡಿ ಕಿತ್ತವು, ಹೊಲಿಗೆ ಬಿಟ್ಟವು, ಅಂಚು ಹರಿದವು ಅವಳ ಮೇಜಿಗೆ ಬರುತ್ತವೆ. ಹೊಲಿದು, ಮಡಿಸಿ, ಚೀಟಿ ಸಿಕ್ಕಿಸಿ ಆಚೆ ತಳ್ಳುತ್ತಾಳೆ. ಸಂಜೆ ಆರಕ್ಕೆ ಮೇಜಿನ ದೀಪ ಆರಿಸಿ ಎದ್ದು ಹೋಗುತ್ತಾಳೆ.

ಮೂರು ವರ್ಷದ ಹಿಂದೆ ಅವಳ ಮಗಳು ಐದೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಒಬ್ಬಳೇ ಮಗಳು. ಅದಾದ ನಾಲ್ಕನೆಯ ದಿನ ಕಡ್ಡಿಯಕ್ಕ ಕೆಲಸಕ್ಕೆ ಬಂದಳು. ಅಳಲಿಲ್ಲ. "ಗಟ್ಟಿ ಹೆಂಗಸು" ಎಂದು ಜನ ಹೊಗಳಿದರು. ಗಟ್ಟಿಯಂತೆ, ಮಣ್ಣಂತೆ. ಜನಕ್ಕೇನು, ಬಾಯಿಗೆ ಬಂದದ್ದು ಆಡಿ ಮನೆಗೆ ಹೋಗುತ್ತಾರೆ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಇದ್ದ ವಿಷಯ ಅಷ್ಟೇ. ಹಸಿವು ಗೊತ್ತಾಗುತ್ತಿರಲಿಲ್ಲ, ಗಡಿಯಾರ ನೋಡಿ ಉಣ್ಣುತ್ತಿದ್ದಳು. ಒಂದು ದಿನ ಕಾದ ಇಸ್ತ್ರಿಪೆಟ್ಟಿಗೆಗೆ ಮಣಿಕಟ್ಟು ತಗುಲಿಕೊಂಡೇ ಇತ್ತು, ಇಸ್ತ್ರಿಯವನು ಓಡಿಬಂದು ಕೈ ಎಳೆದ. "ಏನಕ್ಕ, ಸುಟ್ಟ ವಾಸನೆ ನನ್ನ ಮೂಗಿಗೇ ಬಂತು, ನಿಮಗೆ ಉರೀಲಿಲ್ವಾ?" ಎಂದ. ಅವಳು ಮಣಿಕಟ್ಟನ್ನು ತಿರುಗಿಸಿ ನೋಡಿ, "ಹೌದಲ್ಲ" ಎಂದಳು.

ಇಂಥವಳಿಗೂ ಒಂದು ಮಾತ್ರ ಬೇಕಿತ್ತು, ಮೊಮ್ಮಗಳು. ತಾಯಿ ಹೋದಾಗ ಅದಕ್ಕೆ ಮೂರು ವರ್ಷ. ಒಂದೂವರೆ ವರ್ಷ ಅಜ್ಜಿಯ ಮಗ್ಗುಲಲ್ಲೇ ಬೆಳೆಯಿತು. ಆಮೇಲೆ ಅಳಿಯ ಮತ್ತೆ ಮದುವೆಯಾದ. ತಪ್ಪೇನಿಲ್ಲ, ಅವನಿಗೂ ವಯಸ್ಸಿದೆ. ಮಗುವನ್ನು ಕರೆದುಕೊಂಡು ಹೋದ. ಅದೂ ತಪ್ಪಲ್ಲ, ಅವನ ಮಗು. ಅಳಿಯ ಒಳ್ಳೆಯವನೇ, ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದವನು. ತೊಂದರೆ ಇದ್ದದ್ದೇ ಅಲ್ಲಿ. ಮೊದಮೊದಲು ಪ್ರತಿ ಭಾನುವಾರ ಮಗುವನ್ನು ತಂದು ಅಜ್ಜಿಯ ಹತ್ತಿರ ಬಿಡುತ್ತಿದ್ದ. ಬರಬರುತ್ತಾ ಒಂದು ವಾರ ಬಿಟ್ಟು ಒಂದು ವಾರ ಆಯಿತು. ಹೊಸ ಹೆಂಡತಿಗೆ ದಿನ ತುಂಬುತ್ತಾ ಬಂದಾಗ ಅವಳ ದೊಡ್ಡಮ್ಮ ಬಂದು ಮನೆಯಲ್ಲಿ ಕೂತಳು. "ಮಗು ಎರಡು ಮನೆ ನಡುವೆ ಹೀಗೆ ಓಡಾಡ್ತಾ ಇದ್ರೆ ಇಲ್ಲಿ ಮನಸ್ಸು ನಿಲ್ಲೋದು ಯಾವಾಗ?" ಎಂದಳಂತೆ. ಅಳಿಯ ತಲೆಯಾಡಿಸಿದನಂತೆ. ಏಳು ವಾರದಿಂದ ಮಗು ಅಜ್ಜಿಯ ಮನೆಗೆ ಬಂದಿರಲಿಲ್ಲ.

ಎಂಟನೆಯ ವಾರ ಫೋನು ಬಂತು.

"ಅಜ್ಜಿ, ಪಾಪು ಬಂತು. ತಂಗಿ."

"ಹೌದೇನೇ."

"ತುಂಬ ಚಿಕ್ಕದು. ಮೂಗೇ ಇಲ್ಲ."

"ಬರುತ್ತೆ ಬಿಡು."

"ಫೋಟೋದಲ್ಲಿ ನಾನು ಪಟ್ಟೆ ಫ್ರಾಕ್ ಹಾಕ್ಕೊಂಡಿದೀನಲ್ಲ, ಅದನ್ನ ನೀನೇ ಹೆಣೆದಿದ್ದಂತೆ, ಅಪ್ಪ ಹೇಳಿದ್ರು. ತಂಗಿಗೂ ಅಂಥದ್ದೇ ಮಾಡಿಕೊಡು. ಹಸಿರು, ಬಿಳಿ, ಹಸಿರು, ಬಿಳಿ."

ಅಳಿಯ ಫೋನು ತೆಗೆದುಕೊಂಡ. "ಅತ್ತೆ, ಕೆಲಸ ಇದ್ರೆ ಬೇಡ. ಮಕ್ಕಳು ಏನೋ ಕೇಳ್ತಾರೆ." ದನಿ ತಗ್ಗಿಸಿ, "ಆದ್ರೆ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನೀವೇ ತಗೊಂಡು ಬನ್ನಿ. ಮಗುನ ನೋಡಿದ ಹಾಗೂ ಆಗುತ್ತೆ" ಎಂದ. ಯಾವ ಮಗುವನ್ನು ಎಂದು ಅವನೂ ಬಿಡಿಸಿ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಕಡ್ಡಿಯಕ್ಕನಿಗೆ ಅರ್ಥವಾದದ್ದು ಇಷ್ಟು: ಆ ಮನೆಯ ಬಾಗಿಲು ಒಂದು ಸಲ ತೆರೆದಿದೆ, ಎರಡನೆಯ ಸಲ ತೆರೆಯುವುದು ಬಿಡುವುದು ದೊಡ್ಡಮ್ಮನ ಕೈಯಲ್ಲಿದೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಅಡ್ಡಾದಿಡ್ಡಿ ಮಾಡಿಕೊಂಡು ಹೋಗುವ ಹಾಗೂ ಇಲ್ಲ.

ಎರಡು ಉಂಡೆ ಹಸಿರು ಉಲ್ಲನ್, ಎರಡು ಉಂಡೆ ಬಿಳಿ ತಂದಳು. ಅವಳು ಪುಸ್ತಕ ನೋಡಿ ಹೆಣೆಯುವವಳಲ್ಲ. ಫ್ರಾಕನ್ನು ಕುತ್ತಿಗೆಯಿಂದ ಶುರುಮಾಡಿ ಕೆಳಕ್ಕೆ ಇಳಿಸುವುದು ಅವಳ ಕ್ರಮ. ಕತ್ತಿನ ಅಳತೆಗೆ ಕುಣಿಕೆಗಳ ಒಂದು ಸರಪಳಿ, ಅದರ ಮೇಲೆ ನೆಟ್ಟಗೆ ನಿಲ್ಲುವ ಕಂಬದ ಹೆಣಿಗೆ, ನಾಲ್ಕು ಕಡೆ ಕಂಬ ಹೆಚ್ಚಿಸುತ್ತಾ ಹೋದರೆ ಭುಜ, ಭುಜ ದಾಟಿದರೆ ತೋಳು ಬಿಟ್ಟು ಎದೆ, ಎದೆ ಇಳಿದರೆ ಅಗಲವಾಗಿ ಹರಡುವ ಘೇರು. ಎರಡು ಸಾಲಿಗೊಮ್ಮೆ ಬಣ್ಣ ಬದಲು. ಎಷ್ಟು ಸಾಲಿಗೆ ಎಲ್ಲಿ ನಿಲ್ಲಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನಲವತ್ತು ವರ್ಷದಿಂದ ಕೈಗೇ ಗೊತ್ತು. ಅಕ್ಕಪಕ್ಕದ ಬೀದಿಗಳಲ್ಲಿ ಅವಳ ಫ್ರಾಕು ತೊಡದೆ ದೊಡ್ಡದಾದ ಕೂಸು ಕಡಿಮೆ.

ಊಟದ ಬಿಡುವಿನಲ್ಲಿ ಹೆಣೆದಳು, ಬಸ್ಸಿನಲ್ಲಿ ಹೆಣೆದಳು, ಒಲೆಯ ಮೇಲೆ ಅನ್ನ ಬೇಯುವಾಗ ಹೆಣೆದಳು. ಇಸ್ತ್ರಿಯವನು ಇಣುಕಿ, "ಇದೇನಕ್ಕ ಇಷ್ಟು ಚಿಕ್ಕದು, ನನ್ನ ಹೆಬ್ಬೆರಳಿಗಾ?" ಎಂದ. ಹಿಂದಿನ ಕಡ್ಡಿಯಕ್ಕನಾಗಿದ್ದರೆ ಅವನ ಬಾಯಿಗೆ ಒಂದು ಚೀಲ ಹೆಣೆದುಕೊಡುತ್ತೇನೆ ಅನ್ನುತ್ತಿದ್ದಳು. ಈಗ "ಮಗುವಿಗೆ" ಎಂದಳು. ಅವನು ತನ್ನ ಇಸ್ತ್ರಿಪೆಟ್ಟಿಗೆಯ ಕಡೆ ಹೋದ.

ಬೆರಳು ಓಡುತ್ತಿತ್ತು, ಸಾಲು ಇಳಿಯುತ್ತಿತ್ತು. ಅಷ್ಟು ಹೊತ್ತೂ ಅವಳು ಏನು ಯೋಚಿಸುತ್ತಿದ್ದಳು ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಈ ಕೂಸು ತನ್ನ ಮಗಳ ಜಾಗಕ್ಕೆ ಬಂದವಳ ಕೂಸು ಎಂಬ ಮಾತು ಒಂದೆರಡು ಸಲ ತಲೆಗೆ ಬಂತು. ಬಂದದ್ದು ಹಾಗೆಯೇ ಹೋಯಿತು. ಸಿಟ್ಟು ಬರುತ್ತದೇನೋ ಎಂದು ಕಾದು ನೋಡಿದಳು, ಅದೂ ಬರಲಿಲ್ಲ. ಶನಿವಾರ ಸಂಜೆ ಕೊನೆಯ ಗಂಟು ಹಾಕಿ, ತೊಳೆದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದಳು. ಬೆನ್ನಿನ ಮೇಲೆ ಮೂರು ಬಿಳಿ ಗುಂಡಿ ಹೊಲಿದಳು. ಕೂಸಿನ ಬೆನ್ನಿಗೆ ಒತ್ತದಂಥ ಚಪ್ಪಟೆ ಗುಂಡಿ, ಹುಡುಕಿ ತಂದದ್ದು. ಕೆಲಸ ಮುಗಿಯಿತು ಎಂದು ದೀಪ ಆರಿಸಿ ಮಲಗಿದಳು.

ಅಳಿಯನ ಮನೆ ಮೂರನೆಯ ಮಹಡಿ. ಬಾಗಿಲು ತೆಗೆದದ್ದು ಮೊಮ್ಮಗಳೇ. ಬಂದು ಸೊಂಟ ತಬ್ಬಿಕೊಂಡು ಮೇಲೆ ನೋಡಿ ನಕ್ಕಳು. ಮುಂದಿನ ಒಂದು ಹಲ್ಲು ಬಿದ್ದಿತ್ತು. ತನಗೆ ತಿಳಿಯದೆ ಹಲ್ಲು ಬಿತ್ತಲ್ಲ ಎಂದುಕೊಂಡಳು ಕಡ್ಡಿಯಕ್ಕ. ಅಂದುಕೊಂಡದ್ದಷ್ಟೇ, ಮತ್ತೇನೂ ಆಗಲಿಲ್ಲ. ಮಗುವಿನ ತಲೆಯ ಮೇಲೆ ಕೈಯಿಟ್ಟು, "ಎತ್ತರ ಆಗಿದ್ದೀಯ" ಎಂದಳು.

ಒಳಗೆ ಕೋಣೆಯ ತುಂಬ ಹಗ್ಗ ಕಟ್ಟಿ ಕೂಸಿನ ಬಟ್ಟೆ ಒಣಗಲು ಹಾಕಿದ್ದರು. ಹೊಸಬಳು ಗೋಡೆಗೆ ದಿಂಬು ಕೊಟ್ಟು ಹಾಸಿಗೆಯ ಮೇಲೆ ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ತಲೆ ಬಾಚಿ ಎಷ್ಟು ದಿನವಾಗಿತ್ತೋ. ಎದ್ದು ನಿಲ್ಲಲು ಹೋದಳು. "ಕೂತ್ಕೊಳಮ್ಮ" ಎಂದಳು ಕಡ್ಡಿಯಕ್ಕ. ಅಳಿಯ ಕುರ್ಚಿ ತಂದಿಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಅದೇ ಕುರ್ಚಿ ಹಿಡಿದುಕೊಂಡು ನಿಂತ. ದೊಡ್ಡಮ್ಮ ಬಟ್ಟೆ ಮಡಿಸುತ್ತಾ ಬಂದವಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

ಚೀಲದಿಂದ ಫ್ರಾಕು ಹೊರಗೆ ಬಂತು. ಹಸಿರು, ಬಿಳಿ, ಹಸಿರು, ಬಿಳಿ. ಮೊಮ್ಮಗಳು ಪಟ್ಟೆ ಎಣಿಸತೊಡಗಿದಳು. ದೊಡ್ಡಮ್ಮನ ಮುಖವೂ ಸಡಿಲವಾಯಿತು. "ಕೈಕೆಲಸ ಅಂದ್ರೆ ಇದು. ಅಂಗಡಿಯವು ಇದರ ಮುಂದೆ ಏನೂ ಅಲ್ಲ" ಎಂದಳು. ಅಳಿಯ ಕುರ್ಚಿ ಬಿಟ್ಟು ಉಸಿರಾಡಿದ. "ಈಗಲೇ ಹಾಕಿ ನೋಡೋಣ" ಎಂದು ದೊಡ್ಡಮ್ಮ ಫ್ರಾಕಿನ ಬೆನ್ನು ಮೇಲೆ ಮಾಡಿಕೊಂಡು ಗುಂಡಿ ಬಿಚ್ಚಲು ಬೆರಳು ಹಾಕಿದಳು.

ಗುಂಡಿ ಬಿಚ್ಚಲಿಲ್ಲ. ಇನ್ನೊಂದಕ್ಕೆ ಹಾಕಿದಳು, ಮೂರನೆಯದಕ್ಕೆ ಹಾಕಿದಳು. ಫ್ರಾಕನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಹುಟ್ಟಿದ ಕೂಸಿಗೆ ಕತ್ತು ಸಣ್ಣ, ತಲೆ ದೊಡ್ಡದು. ಕತ್ತಿನ ಅಳತೆಗೆ ಹಾಕಿದ ಫ್ರಾಕಿನೊಳಗೆ ತಲೆ ತೂರುವುದಿಲ್ಲ. ಅದಕ್ಕೇ ಬೆನ್ನಿನಲ್ಲಿ ಮೂರು ಬೆರಳುದ್ದ ಸೀಳು ಬಿಡುವುದು, ಆ ಸೀಳಿಗೇ ಗುಂಡಿ ಇಡುವುದು. ಕ್ರೋಶಾ ಕಲಿಯುವ ಹುಡುಗಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಕಡ್ಡಿಯಕ್ಕ ಮೊಟ್ಟಮೊದಲ ಸಾಲಿನಲ್ಲೇ ಸರಪಳಿಯ ಎರಡು ತುದಿ ಸೇರಿಸಿ ಬಳೆ ಮಾಡಿಬಿಟ್ಟಿದ್ದಳು. ಒಂಬತ್ತು ದಿನ ಸುತ್ತಿ ಸುತ್ತಿ ಹೆಣೆದಿದ್ದಳು. ಕೊನೆಗೆ ಸೀಳೇ ಇಲ್ಲದ ಬೆನ್ನಿನ ಮೇಲೆ ಮೂರು ಗುಂಡಿಯನ್ನೂ ಅಚ್ಚುಕಟ್ಟಾಗಿ ಹೊಲಿದಿದ್ದಳು. ಫ್ರಾಕಿನ ಕುತ್ತಿಗೆಯಲ್ಲಿ ಒಂದು ಕಿತ್ತಳೆಹಣ್ಣು ಹೋದರೆ ಹೆಚ್ಚು.

"ಗುಂಡಿ ಇದೆ, ಬಿಚ್ಚೋಕೆ ಏನೂ ಇಲ್ಲ" ಎಂದಳು ದೊಡ್ಡಮ್ಮ. ದನಿ ಬದಲಾಗಿತ್ತು. "ಇಷ್ಟು ಕಸುಬು ಗೊತ್ತಿರೋರಿಗೆ ಇದು ಗೊತ್ತಿರಲಿಲ್ವಾ? ಬೇಕು ಅಂತ ಮಾಡದೆ ಹೀಗಾಗಲ್ಲ. ನಮ್ಮ ಕೂಸು ಹಾಕ್ಕೊಳ್ಳಬಾರದು ಅಂತ ಇದ್ರೆ ಹೆಣೀದೇ ಇರಬಹುದಿತ್ತಲ್ಲ."

"ದೊಡ್ಡಮ್ಮ, ಸುಮ್ನಿರಿ" ಎಂದ ಅಳಿಯ. ಅವನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಕಡ್ಡಿಯಕ್ಕ ಫ್ರಾಕು ಇಸಿದುಕೊಂಡು ನೋಡಿದಳು. ಬೇರೆ ಯಾರೋ ಮಾಡಿದ ಕೆಲಸ ತನ್ನ ಮೇಜಿಗೆ ಬಂದ ಹಾಗಿತ್ತು. "ಬೇಕು ಅಂತ ಮಾಡಿಲ್ಲ" ಎಂದಳು. "ಮಾಡಿದ್ದೇ ನನಗೆ ಗೊತ್ತಿಲ್ಲ. ಗುಂಡಿ ಹೊಲಿದಾಗಲೂ ಗೊತ್ತಾಗಲಿಲ್ಲ." ಇನ್ನೂ ಏನಾದರೂ ಹೇಳಬೇಕು, ಹೇಳದಿದ್ದರೆ ಈ ಬಾಗಿಲು ಇಂದೇ ಮುಚ್ಚುತ್ತದೆ ಎಂದು ತಿಳಿಯುತ್ತಿತ್ತು. ಆದರೂ ಫ್ರಾಕನ್ನೇ ಒಳಹೊರಗು ಮಾಡಿ ನೋಡಿದಳು.

ಹಾಸಿಗೆಯ ಮೇಲಿದ್ದವಳು ಅಷ್ಟು ಹೊತ್ತೂ ಗುಂಡಿಗಳನ್ನೇ ನೋಡುತ್ತಿದ್ದಳು. "ಮೊನ್ನೆ ನಾನು ಖಾಲಿ ಪಾತ್ರೆ ಒಲೆ ಮೇಲಿಟ್ಟು ಹಾಲು ಉಕ್ಕುತ್ತೆ ಅಂತ ಕಾಯ್ತಾ ನಿಂತಿದ್ದೆ" ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. "ಪಾತ್ರೆ ಸೀದು ಕಪ್ಪಾಯ್ತು. ನಾನು ನೋಡ್ತಾನೇ ಇದ್ದೆ. ಇವರು ಬಂದು ಒಲೆ ಆರಿಸಿದ್ರು."

"ನೀನು ಬಾಣಂತಿ, ನಿದ್ದೆ ಇಲ್ಲ. ನಿನ್ನ ಮಾತು ಬೇರೆ" ಎಂದಳು ದೊಡ್ಡಮ್ಮ.

"ಅವರಿಗೆ ಇದೆಯಾ ನಿದ್ದೆ?"

ದೊಡ್ಡಮ್ಮ ಬಟ್ಟೆ ಮಡಿಸುವುದಕ್ಕೆ ಹಿಂತಿರುಗಿದಳು. ಸ್ವಲ್ಪ ಹೊತ್ತಿಗೆ, ಸೋತವರ ಹಾಗೆ ಕಾಣಬಾರದೆಂದೋ ಏನೋ, "ಹಿಂದೆ ಒಂದು ಕತ್ತರಿ ಹಾಕಿದ್ರೆ ಆಯ್ತಪ್ಪ" ಎಂದಳು.

"ಕತ್ತರಿ ಹಾಕಿದ್ರೆ ಅಂಚು ಬಿಚ್ಚಿಕೊಳ್ತಾ ಹೋಗುತ್ತೆ, ಒಂದು ಒಗೆತಕ್ಕೂ ನಿಲ್ಲಲ್ಲ" ಎಂದಳು ಕಡ್ಡಿಯಕ್ಕ. ಕಸುಬಿನ ಮಾತಾದ್ದರಿಂದ ಸಲೀಸಾಗಿ ಬಂತು. "ಪೂರ್ತಿ ಬಿಚ್ಚಬೇಕು. ಇದು ಕೆಳಗಿನಿಂದಲೇ ಬಿಚ್ಚೋದು, ಕುತ್ತಿಗೆ ಕೊನೆಗೆ ಸಿಗುತ್ತೆ. ದಾರ ಹಾಳಾಗಲ್ಲ, ಅದರಲ್ಲೇ ಮತ್ತೆ ಹೆಣೆದು ಕಳಿಸ್ತೀನಿ."

"ಕಳಿಸೋದು ಬೇಡ" ಎಂದಳು ಹೊಸಬಳು. "ಇಲ್ಲೇ ಬಂದು ಹೆಣೀರಿ. ಕೆಲಸ ಮುಗಿಸಿ ಸಂಜೆ ಬನ್ನಿ. ನನಗೂ ಎದುರಿಗೆ ಒಬ್ಬರು ಸುಮ್ಮನೆ ಕೂತಿದ್ರೆ ಸಾಕು ಅನ್ಸುತ್ತೆ. ಇಲ್ಲಿ ಎಲ್ಲರೂ ಏನಾದ್ರೂ ಹೇಳ್ತಾನೇ ಇರ್ತಾರೆ." ದೊಡ್ಡಮ್ಮನ ಕೈ ಒಂದು ಕ್ಷಣ ನಿಂತು ಮತ್ತೆ ಮಡಿಸತೊಡಗಿತು.

ಕಡ್ಡಿಯಕ್ಕ ಗುಂಡಿ ಮೂರನ್ನೂ ಕಿತ್ತು, ಕೊನೆಯ ಗಂಟು ಬಿಡಿಸಿ ಎಳೆದಳು. ಘೇರು ಸಾಲುಸಾಲಾಗಿ ಬಿಚ್ಚುತ್ತಾ ಬಂತು. ಮೊಮ್ಮಗಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ದಾರವನ್ನು ಉಂಡೆ ಸುತ್ತತೊಡಗಿದಳು. ಹಸಿರಿಗೆ ಒಂದು ಉಂಡೆ, ಬಿಳಿಗೆ ಒಂದು. ಅಳಿಯ ನೀರು ತಂದುಕೊಟ್ಟು ಹೊರಗೆ ಹೋದ. ಕೂಸು ಒಮ್ಮೆ ಮುಲುಕಿ ಮತ್ತೆ ಮಲಗಿತು.

ಎದೆಯ ಪಟ್ಟೆಗಳು ಮುಗಿದು ಭುಜ ಬಿಚ್ಚುವ ಹೊತ್ತಿಗೆ ಮೊಮ್ಮಗಳು ಉಂಡೆಯಿಂದ ತಲೆ ಎತ್ತದೆ ಕೇಳಿದಳು:

"ಅಮ್ಮಾ, ಅಜ್ಜಿ ನಾಳೆಯಿಂದಲೇ ಬರ್ತಾರಾ?"

ಕಡ್ಡಿಯಕ್ಕನ ಕೈ ನಿಂತಿತು. ಈ ಮಗುವಿನ ಬಾಯಲ್ಲಿ ಆ ಕರೆ ಒಬ್ಬಳಿಗೇ ಇದ್ದದ್ದು. ಈಗ ಅದು ಹಾಸಿಗೆಯ ಕಡೆಗೆ ಹೋಗಿತ್ತು, ದಿನಾ ಹೋಗಿ ಹೋಗಿ ರೂಢಿಯಾದ ದಾರಿಯಲ್ಲಿ ಹೋಗುವ ಹಾಗೆ ಸಲೀಸಾಗಿ. ಎದೆಯೊಳಗೆ ಏನೋ ಕಿತ್ತುಬಂತು. ನೋವಾಯಿತು. ಮೂರು ವರ್ಷದಲ್ಲಿ ಮೊದಲ ಸಲ, ಉಸಿರು ಹಿಡಿಯುವಷ್ಟು ನೋವಾಯಿತು. ನನ್ನ ಮಗಳು ಇನ್ನಿಲ್ಲ ಎಂದು ಯಾರೋ ಈಗ ತಾನೇ ಬಂದು ಹೇಳಿದಂತಾಯಿತು.

ಹಾಸಿಗೆಯ ಮೇಲಿದ್ದವಳು ಅದನ್ನು ಕಂಡಳು. "ಅಜ್ಜಿನೇ ಕೇಳು" ಎಂದಳು ಮೆಲ್ಲಗೆ.

ಮಗು ತಿರುಗಿ ನೋಡಿತು. ಈ ಮನೆಗೆ ಬರುವುದೆಂದರೆ ಆ ಕರೆಯನ್ನು ದಿನಾ ಕೇಳುವುದು. ಕೇಳಲಾರೆ ಎಂದರೆ ಏಳು ವಾರ, ಎಂಟು ವಾರ, ಆಮೇಲೆ ಲೆಕ್ಕವೂ ಇಲ್ಲ. ಕಡ್ಡಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಕಣ್ಣು ತುಂಬಿ ಬರುತ್ತಿತ್ತು.

"ಬರ್ತೀನಿ" ಎಂದಳು. "ಆರು ಗಂಟೆಗೆ ಕೆಲಸ ಬಿಡುತ್ತೆ. ಆರೂವರೆಗೆ ಬರ್ತೀನಿ ಅಂತ ನಿಮ್ಮಮ್ಮನಿಗೆ ಹೇಳು."